ಕೋಳಿಬಲೆಯ ಆಂಟೆನಾ ಏಕೆ ಮರೆಯಾಯಿತು?

ನಿಮ್ಮ ಮನೆಯ ಮೇಲೋ ನೆರೆಮನೆಯ ಮೇಲೋ ಇರುವ ಡಿಟಿಎಚ್ ತಟ್ಟೆಯನ್ನು ಒಮ್ಮೆ ಗಮನಿಸಿ. ಅಗಲ ಸುಮಾರು 60 ಸೆಂಟಿಮೀಟರ್. ಪೂರ್ತಿ ತಗಡು, ಒಂದು ತೂತೂ ಇಲ್ಲ. ಈಗ 1975ರ ಆಗಸ್ಟ್ ತಿಂಗಳಿಗೆ ಹೋಗೋಣ. ಅಂದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ 3 ಮೀಟರ್ ಅಗಲದ ಆಂಟೆನಾಗಳು ನಿಂತಿದ್ದವು. ಅವುಗಳನ್ನು ಮಾಡಿದ್ದು ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ! ಎರಡೂ ಉಪಗ್ರಹದ ಸಂಕೇತವನ್ನೇ ಹಿಡಿಯುವ ಸಾಧನಗಳು. ಹಾಗಾದರೆ ಈ ವ್ಯತ್ಯಾಸ ಏಕೆ?

ಆ ಹಳ್ಳಿಗಳು 'ಸೈಟ್' ಎಂಬ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ ಸೇರಿದ್ದವು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ಪ್ರಯೋಗ ಅದು. ಅಹಮದಾಬಾದಿನ ಭೂಕೇಂದ್ರವು 6 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಕಾರ್ಯಕ್ರಮವನ್ನು ಮೇಲಕ್ಕೆ ಕಳಿಸುತ್ತಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹ ಅದನ್ನು 860 ಮೆಗಾಹರ್ಟ್ಸ್‌ನಲ್ಲಿ ಹಳ್ಳಿಗಳಿಗೆ ಇಳಿಸುತ್ತಿತ್ತು.

860 ಮೆಗಾಹರ್ಟ್ಸ್ ಎಂದರೆ ಅಲೆಯುದ್ದ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ಅಲೆಯುದ್ದದ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾಗಿದ್ದರೆ ಆ ಅಲೆಗೆ ಬಲೆಯೂ ಗೋಡೆಯಂತೆಯೇ. ಆದ್ದರಿಂದ ಕೋಳಿಬಲೆ ಸಾಕಾಯಿತು. ಹಗುರ, ಅಗ್ಗ, ಗಾಳಿಯೂ ತೂರಿಹೋಗುತ್ತದೆ. ಆದರೆ ನೆಲದ ಮೇಲಿನ ಈ ಅಗ್ಗಕ್ಕೆ ಆಕಾಶದಲ್ಲಿ ಬೆಲೆ ತೆರಬೇಕಿತ್ತು. ಅಲೆ ಉದ್ದವಾದಷ್ಟೂ ಅದನ್ನು ಒಂದು ದೇಶದತ್ತ ಕೇಂದ್ರೀಕರಿಸಲು ದೊಡ್ಡ ಆಂಟೆನಾ ಬೇಕು. ಎಟಿಎಸ್-6ರಲ್ಲಿದ್ದದ್ದು ಕಕ್ಷೆ ಸೇರಿದ ಮೇಲೆ ಕೊಡೆಯಂತೆ ಅರಳಿದ 9 ಮೀಟರ್ ಆಂಟೆನಾ. ಇಂಥದ್ದನ್ನು ಹಾರಿಸುವುದು ಅಂದಿನ ಭಾರತಕ್ಕೆ ಸುಲಭದ ಮಾತಾಗಿರಲಿಲ್ಲ.

ಇನ್ನು 6 ಗಿಗಾಹರ್ಟ್ಸ್ ಎಲ್ಲಿಂದ ಬಂತು? 1962ರ ಟೆಲ್‌ಸ್ಟಾರ್ ಕಾಲದಿಂದಲೂ 6ರಲ್ಲಿ ಏರಿ 4ರಲ್ಲಿ ಇಳಿಯುವ 'ಸಿ ಬ್ಯಾಂಡ್' ರೂಢಿಯಲ್ಲಿದೆ. 1 ಗಿಗಾಹರ್ಟ್ಸ್‌ಗಿಂತ ಕೆಳಗೆ ಆಕಾಶಗಂಗೆಯ ಗದ್ದಲ, 10ಕ್ಕಿಂತ ಮೇಲೆ ಮಳೆಯ ಕಾಟ. ನಡುವಣ ಕಿಟಕಿ ಶಾಂತವಾಗಿತ್ತು. ಟೆಲಿಫೋನ್ ಕಂಪನಿಗಳ ಬಳಿ ಅದೇ ಆವೃತ್ತಿಗಳ ಮೈಕ್ರೋವೇವ್ ಉಪಕರಣಗಳು ಸಿದ್ಧವಾಗಿಯೂ ಇದ್ದವು.

ನಮ್ಮ ಇನ್ಸಾಟ್ ಸರಣಿ ಮಧ್ಯದ ದಾರಿ ಹಿಡಿಯಿತು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಸೆಪ್ಟೆಂಬರ್‌ನಲ್ಲೇ ಕೆಟ್ಟುಹೋಯಿತು. 1983ರ ಆಗಸ್ಟ್‌ನಲ್ಲಿ ಹಾರಿ, ಹಾಸನದ ನಿಯಂತ್ರಣಕ್ಕೆ ಬಂದ ಇನ್ಸಾಟ್-1ಬಿಯಲ್ಲಿ 12 ಸಿ ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳಿದ್ದವು, ಜೊತೆಗೆ ಎರಡು 'ಎಸ್ ಬ್ಯಾಂಡ್' ಟ್ರಾನ್ಸ್‌ಪಾಂಡರ್‌ಗಳು. ಎಸ್ ಬ್ಯಾಂಡಿನ ಅಲೆಯುದ್ದ ಸುಮಾರು 12 ಸೆಂಟಿಮೀಟರ್. ಹಳ್ಳಿಯ ಬಲೆಗೆ ಇನ್ನೂ ಉಳಿಗಾಲವಿತ್ತು.

ಎಸ್ ಬ್ಯಾಂಡಿನ ದೊಡ್ಡ ಉಪಯೋಗವಾದದ್ದು ಟಿವಿಗಲ್ಲ ಎಂಬುದು ನನ್ನ ಅಭಿಪ್ರಾಯ. ಆಂಧ್ರ ಮತ್ತು ತಮಿಳುನಾಡು ಕರಾವಳಿಯಲ್ಲಿ ಚಂಡಮಾರುತದ ಎಚ್ಚರಿಕೆ ಕೊಡುವ ಗ್ರಾಹಕಗಳನ್ನು ಇಟ್ಟರು. ಅಪಾಯವಿರುವ ಜಿಲ್ಲೆಯ ಪೆಟ್ಟಿಗೆಗಳು ಮಾತ್ರ ಎಚ್ಚೆತ್ತು, ಮೊದಲು ಸೈರನ್, ಆಮೇಲೆ ಜನರ ಭಾಷೆಯಲ್ಲೇ ಸಂದೇಶ. ಮಳೆ ಬಿರುಸಾಗಿದ್ದಾಗಲೇ ಕೆಲಸ ಮಾಡಬೇಕಾದ ಈ ಪೆಟ್ಟಿಗೆಗೆ ಮಳೆ ತಡೆಯದ ಎಸ್ ಬ್ಯಾಂಡ್ ತಕ್ಕದ್ದಾಗಿತ್ತು. 1977ರ ಆಂಧ್ರ ಚಂಡಮಾರುತದಲ್ಲಿ ಸತ್ತವರು ಸುಮಾರು 10,000. 1990ರ ಮೇ ತಿಂಗಳಲ್ಲಿ ಅದೇ ಕರಾವಳಿಗೆ ಬಡಿದ ಚಂಡಮಾರುತದಲ್ಲಿ ಈ ಸಂಖ್ಯೆ ಸಾವಿರದ ಒಳಗಿತ್ತು. ಜನರನ್ನು ಮೊದಲೇ ಸ್ಥಳಾಂತರಿಸಿದ್ದು ಇದಕ್ಕೆ ಮುಖ್ಯ ಕಾರಣ. ಅದಕ್ಕೆ ಬೇಕಾದ ಎಚ್ಚರಿಕೆ ತಲುಪಿದ ದಾರಿಗಳಲ್ಲಿ ಇದೂ ಒಂದು.

ಬಲೆಯನ್ನು ಕೊನೆಗೆ ಓಡಿಸಿದ್ದು 'ಕೆಯು ಬ್ಯಾಂಡ್'. ಇಲ್ಲಿ ಇಳಿಯುವ ಆವೃತ್ತಿ 12 ಗಿಗಾಹರ್ಟ್ಸ್‌ನ ಆಸುಪಾಸು, ಅಲೆಯುದ್ದ ಎರಡೂವರೆ ಸೆಂಟಿಮೀಟರ್. ಈ ಅಲೆಗೆ ಕೋಳಿಬಲೆ ತೆರೆದ ಬಾಗಿಲು. ತರಗತಿಯಲ್ಲಿ 'ಆವೃತ್ತಿ ಹೆಚ್ಚಿದರೆ ತಟ್ಟೆ ಚಿಕ್ಕದಾಗುತ್ತದೆ' ಎಂದು ಹೇಳಿ ಮುಗಿಸುವುದುಂಟು. ಅದು ಅರ್ಧ ನಿಜ. ತಟ್ಟೆ ಹಿಡಿಯುವ ಶಕ್ತಿ ಅದರ ವಿಸ್ತೀರ್ಣವನ್ನು ಅವಲಂಬಿಸಿದೆ. ತಟ್ಟೆ ಚಿಕ್ಕದಾದರೆ ಉಪಗ್ರಹವೇ ಹೆಚ್ಚು ಶಕ್ತಿ ಸುರಿಸಬೇಕು. ಸಿ ಬ್ಯಾಂಡಿನಲ್ಲಿ ಅದಕ್ಕೆ ಮಿತಿಯಿದೆ, ಏಕೆಂದರೆ ನೆಲದ ಮೈಕ್ರೋವೇವ್ ಸಂಪರ್ಕಗಳೂ ಅದೇ ಪಟ್ಟಿಯನ್ನು ಹಂಚಿಕೊಂಡಿವೆ. ಇದಲ್ಲದೆ 60 ಸೆಂಟಿಮೀಟರ್ ತಟ್ಟೆಯ ನೋಟ 4 ಗಿಗಾಹರ್ಟ್ಸ್‌ನಲ್ಲಿ ಸುಮಾರು 9 ಡಿಗ್ರಿ ಅಗಲ, 12ರಲ್ಲಿ 3 ಡಿಗ್ರಿ. ಭೂಸ್ಥಿರ ಕಕ್ಷೆಯಲ್ಲಿ ಎರಡು ಮೂರು ಡಿಗ್ರಿಗೊಂದರಂತೆ ಉಪಗ್ರಹಗಳಿರುವಾಗ 9 ಡಿಗ್ರಿಯ ನೋಟಕ್ಕೆ ನಾಲ್ಕಾರು ಸಂಕೇತಗಳು ಕಲಸಿಹೋಗುತ್ತವೆ.

2004ರ ಸೆಪ್ಟೆಂಬರ್ 20ರಂದು ಹಾರಿ 2010ರವರೆಗೆ ದುಡಿದ ಎಜುಸ್ಯಾಟ್ ಕೆಯು ಬ್ಯಾಂಡನ್ನು ತರಗತಿಗೆ ತಂದಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳು ಇದರ ಮೊದಲ ಬಳಕೆದಾರರಲ್ಲಿ ಸೇರಿದ್ದವು. ಆದರೆ ಎರಡೂವರೆ ಸೆಂಟಿಮೀಟರ್ ಅಲೆಗೆ ಕೆಲವು ಮಿಲಿಮೀಟರ್ ಗಾತ್ರದ ಮಳೆಹನಿ ಸಣ್ಣ ಅಡ್ಡಿಯಲ್ಲ. ಅದು ಅಲೆಯನ್ನು ಹೀರುತ್ತದೆ, ಚೆದರಿಸುತ್ತದೆ. ಜೋರು ಮಳೆಯಲ್ಲಿ ನಿಮ್ಮ ಟಿವಿಯ ಚಿತ್ರ ಚೂರುಚೂರಾಗುವುದೂ ಇದರಿಂದಲೇ. ಸಿ ಬ್ಯಾಂಡಿನ ಅಲೆಗೆ ಈ ತೊಂದರೆ ತೀರ ಕಡಿಮೆ. ಟಿವಿ ಚಾನೆಲ್‌ಗಳಿಂದ ಕೇಬಲ್ ಕೇಂದ್ರಗಳಿಗೆ ಬರುವ ಸಂಕೇತ ಇಂದಿಗೂ ಬಹುಪಾಲು ಅದರಲ್ಲೇ ಇಳಿಯುತ್ತದೆ.

ಆ ಕೇಂದ್ರಗಳಿಗೆ ಈಗ ಹೊಸ ನೆರೆ ಬಂದಿದೆ. 2022ರ ಹರಾಜಿನಲ್ಲಿ 3.3ರಿಂದ 3.67 ಗಿಗಾಹರ್ಟ್ಸ್‌ವರೆಗಿನ ಪಟ್ಟಿ 5ಜಿ ಮೊಬೈಲ್ ಸೇವೆಗೆ ಹೋಯಿತು. 3.7ರಿಂದ ಆಚೆ ಉಪಗ್ರಹದ ಪಾಲು. 36,000 ಕಿಲೋಮೀಟರ್ ದೂರದಿಂದ ಬರುವ ಕ್ಷೀಣ ಸಂಕೇತವನ್ನು ಪಕ್ಕದ ಬೀದಿಯ ಮೊಬೈಲ್ ಗೋಪುರ ಮುಳುಗಿಸದಂತೆ ಸಿ ಬ್ಯಾಂಡ್ ತಟ್ಟೆಗೆ ಶೋಧಕ ಕೂರಿಸಬೇಕಾಗುತ್ತದೆ.