ಅಮ್ಮನ ಗಾಬರಿ ಮತ್ತು 200 ವರ್ಷದ ಮಾತ್ರೆಗಳು

ಭಾಗ 1: ರಾತ್ರಿ ಮೂರು ಗಂಟೆ

ಕಳೆದ ಮಳೆಗಾಲದಲ್ಲಿ ಅಮ್ಮ ರಾತ್ರಿ ಮೂರಕ್ಕೆಲ್ಲ ಎದ್ದು ಹಾಲ್‌ನಲ್ಲಿ ಒಬ್ಬಳೇ ಕೂತಿರ್ತಿದ್ಲು. ಎದೆ ಢವಢವ, ಮೈಯೆಲ್ಲ ಬೆವರು, ಏನೋ ಕೆಟ್ಟದ್ದಾಗುತ್ತೆ ಅನ್ನೋ ಭಯ. ಇಸಿಜಿ ಮಾಡಿಸಿದ್ವಿ, ನಾರ್ಮಲ್. ಕ್ಲಿನಿಕ್‌ನಲ್ಲಿ "ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ ಅಮ್ಮಾ" ಅಂತ ಹೇಳಿ ಕಳಿಸಿದ್ರು. ಪಕ್ಕದ ಮನೆ ಆಂಟಿ ಒಂದು ಸ್ಟ್ರಿಪ್ ತಂದುಕೊಟ್ಟು, "ನಾನೂ ಇದನ್ನೇ ತಗೊಳ್ಳೋದು, ಅರ್ಧ ಹಾಕ್ಕೊಳ್ಳಿ, ನಿದ್ದೆ ಬರುತ್ತೆ" ಅಂದ್ರು.

ಅಮ್ಮನಿಗೆ 47. ಮುಟ್ಟು ನಿಲ್ಲೋ ಸಮಯ. ನಮ್ಮ ದೇಶದಲ್ಲಿ ಸರಾಸರಿ 46-47ಕ್ಕೇ ನಿಲ್ಲುತ್ತೆ. ಅಂದ್ರೆ ನಿಮ್ಮಲ್ಲಿ ಎಷ್ಟೋ ಜನರ ಅಮ್ಮಂದಿರು ಈಗ ಇದೇ ಹಂತದಲ್ಲಿರಬಹುದು. ಹುಡುಗ್ರು ಸ್ಕಿಪ್ ಮಾಡ್ಬೇಡಿ, ಬರೀತಿರೋ ನಾನೂ ಹುಡುಗನೇ. ಅಮ್ಮನ ಪರ್ಮಿಷನ್ ತಗೊಂಡೇ ಬರೀತಿದೀನಿ.

ಹಿಸ್ಟರಿ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೆ ಆ ಸ್ಟ್ರಿಪ್ ನೋಡಿದ ಮೇಲೆ ಒಂದು ಪ್ರಶ್ನೆ ಬಂತು: ಹೆಂಗಸರು ಈ ಗಾಬರಿಗೆ ಸಹಾಯ ಕೇಳಿದಾಗ ಇಷ್ಟು ವರ್ಷ ಅವರಿಗೆ ಸಿಕ್ಕಿದ್ದೇನು?

ಭಾಗ 2: ಹೆಸರಿಟ್ಟವರು

ಮುಟ್ಟು ನಿಲ್ಲೋದು ಹೊಸದಲ್ಲ, ಅದರ ವೈದ್ಯಕೀಯ ಹೆಸರು ಹೊಸದು. 'ಮೆನೋಪಾಸ್' ಅನ್ನೋ ಪದ ಹುಟ್ಟಿದ್ದು ಫ್ರಾನ್ಸ್‌ನಲ್ಲಿ. ಗಾರ್ದಾನ್ ಅನ್ನೋ ವೈದ್ಯ 1816ರಲ್ಲಿ ಅದರ ಮೊದಲ ರೂಪ ಬಳಸಿದ, 1821ರ ಪುಸ್ತಕದಲ್ಲಿ ಈಗಿನ ಪದವನ್ನೇ ಶೀರ್ಷಿಕೆಯಲ್ಲಿ ಹಾಕಿದ. ಅದೇ ಶೀರ್ಷಿಕೆಯಲ್ಲಿ ಇದನ್ನ ಹೆಂಗಸರ 'ಬಿಕ್ಕಟ್ಟಿನ ವಯಸ್ಸು' ಅಂತಲೂ ಕರೆದ. ಹೆಸರಿನ ಜೊತೆಗೇ ಭಯವೂ ಬಂತು ನೋಡಿ.

1857ರಲ್ಲಿ ಲಂಡನ್‌ನ ಡಾಕ್ಟರ್ ಎಡ್ವರ್ಡ್ ಟಿಲ್ಟ್ ಇದರ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಹೆಂಗಸರು ಹೇಳಿದ ಗಾಬರಿ, ನಿದ್ದೆಗೇಡು, ಬೆವರು ಎಲ್ಲವನ್ನೂ ಕೂತು ದಾಖಲಿಸಿದ್ದು ದೊಡ್ಡ ಕೆಲಸ. ಆದ್ರೆ ಮದ್ದು? ರಕ್ತ ತೆಗೆಯೋದು, ಮಂಪರು ಬರಿಸೋ ಔಷಧ, ಹೊಟ್ಟೆ ಮೇಲೆ ಬೆಲ್ಲಡೋನಾ ಅನ್ನೋ ವಿಷಗಿಡದ ಪಟ್ಟು.

ಆಮೇಲೆ ಜರ್ಮನಿಯ ಕ್ರೆಪೆಲಿನ್ ಮಧ್ಯವಯಸ್ಸಿನ ನಂತರ ಬರೋ ತೀವ್ರ ಆತಂಕ ಮತ್ತು ಖಿನ್ನತೆಗೆ 1896ರಲ್ಲಿ 'ಇನ್ವಲ್ಯೂಷನಲ್ ಮೆಲಾಂಕೋಲಿಯಾ' ಅಂತ ಬೇರೆಯದೇ ಕಾಯಿಲೆಯ ಹೆಸರು ಕೊಟ್ಟರು. ದೇಹ ಇಳಿಮುಖವಾಗೋ ಕಾಲದ ಮಂಕು ಅಂತ ಅರ್ಥ. ಮುಂದೆ ಅವರೇ ಅದನ್ನ ಬೇರೆ ಕಾಯಿಲೆಯೊಳಗೆ ಸೇರಿಸಿಬಿಟ್ಟರು. ಆದ್ರೂ ಈ ಹೆಸರು ಡಾಕ್ಟರ್‌ಗಳ ಪುಸ್ತಕದಿಂದ ಸುಲಭಕ್ಕೆ ಹೋಗಲಿಲ್ಲ.

ಭಾಗ 3: ಸತ್ತವಳಿಗೆ ಬರೆದ ಪತ್ರಗಳು

ಇದು ನನಗೆ ತುಂಬಾ ಕಾಡಿದ ಭಾಗ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಲಿಡಿಯಾ ಪಿಂಕಮ್ ಅನ್ನೋ ಗೃಹಿಣಿ 1875ರಲ್ಲಿ ಮನೆಯಲ್ಲೇ ಗಿಡಮೂಲಿಕೆ ಟಾನಿಕ್ ಮಾಡಿ ಮಾರೋಕೆ ಶುರು ಮಾಡಿದಳು. ಮುಟ್ಟಿನ ನೋವಿಗೂ, ಮುಟ್ಟು ನಿಲ್ಲೋ ಕಾಲದ ಸಂಕಟಕ್ಕೂ ಅದೇ ಬಾಟಲಿ. ಅದರಲ್ಲಿ ಸುಮಾರು 18 ಪರ್ಸೆಂಟ್ ಆಲ್ಕೋಹಾಲ್ ಇತ್ತು!

ಟಾನಿಕ್ ಜೊತೆಗೆ ಇನ್ನೊಂದನ್ನೂ ಕಂಪನಿ ಕೊಡ್ತಿತ್ತು: ಕಿವಿ. ಡಾಕ್ಟರ್ ಹತ್ರ ಹೇಳೋಕಾಗದ್ದನ್ನ ಮಿಸೆಸ್ ಪಿಂಕಮ್‌ಗೆ ಬರೆಯಿರಿ ಅಂತ ಜಾಹೀರಾತು. ಹೆಂಗಸರು ರಾಶಿ ರಾಶಿ ಪತ್ರ ಬರೆದರು, ಉತ್ತರವೂ ಬರ್ತಿತ್ತು. ಲಿಡಿಯಾ 1883ರಲ್ಲೇ ತೀರಿಕೊಂಡಿದ್ದಳು. ಉತ್ತರ ಮಾತ್ರ ನಿಲ್ಲಲಿಲ್ಲ! 1905ರಲ್ಲಿ ಒಂದು ಮಹಿಳಾ ಪತ್ರಿಕೆ ಅವಳ ಸಮಾಧಿ ಕಲ್ಲಿನ ಫೋಟೋ ಹಾಕಿ ಬಣ್ಣ ಬಯಲು ಮಾಡ್ತು.

ಮಾರ್ಕೆಟಿಂಗ್ ಪಾಠದಲ್ಲಿ ಓದ್ತೀವಲ್ಲ, ಗ್ರಾಹಕನ ಅಗತ್ಯ ಗುರುತಿಸು ಅಂತ? ಅಗತ್ಯ ನಿಜವೇ ಇತ್ತು. ಕೇಳೋರು ಬೇಕಿತ್ತು. ಮಾರಿದ್ದು ಬಾಟಲಿ.

ಭಾಗ 4: ಒಂದೇ ಮಾತ್ರೆಯಲ್ಲಿ ಎರಡು

1920ರ ದಶಕದಲ್ಲಿ ಈಸ್ಟ್ರೊಜೆನ್ ಹಾರ್ಮೋನ್ ಪತ್ತೆಯಾಯ್ತು. 1942ರಲ್ಲಿ 'ಪ್ರೆಮರಿನ್' ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಹಾರ್ಮೋನ್ ಅದು. ಮೈ ಬಿಸಿಯಾಗಿ ಬೆವರೋದಕ್ಕೆ ನಿಜವಾಗಲೂ ಕೆಲಸ ಮಾಡ್ತು.

1955ರಲ್ಲಿ ಮನಸ್ಸು ಶಾಂತ ಮಾಡೋ 'ಮಿಲ್‌ಟೌನ್' ಬಂತು, 1960ರಲ್ಲಿ 'ಲಿಬ್ರಿಯಂ', 1963ರಲ್ಲಿ 'ವ್ಯಾಲಿಯಂ'. ಕಂಪನಿಗಳು ಎರಡನ್ನೂ ಬೆರೆಸಿದವು. ಪ್ರೆಮರಿನ್ ಜೊತೆ ಮಿಲ್‌ಟೌನ್‌ನಲ್ಲಿದ್ದ ಔಷಧ ಸೇರಿಸಿದ್ದು 'ಪಿಎಂಬಿ'. ಈಸ್ಟ್ರೊಜೆನ್ ಜೊತೆ ಲಿಬ್ರಿಯಂ ಔಷಧ ಸೇರಿಸಿದ್ದು 'ಮೆನ್ರಿಯಂ'. ಗಂಡಂದಿರಿಗೂ ಪ್ರೆಮರಿನ್ ಇಷ್ಟ ಅನ್ನೋ ಅರ್ಥದ ಜಾಹೀರಾತು ಡಾಕ್ಟರ್‌ಗಳ ಪತ್ರಿಕೆಯಲ್ಲಿ ಬಂತು. ಅಂದ್ರೆ ನುಂಗೋಳು ಅವಳು, ನೆಮ್ಮದಿ ಮನೆಯವರಿಗೆ.

ಬಿಲ್ ಕೊನೆಗೆ ಬಂತು. 1975ರಲ್ಲಿ ಎರಡು ಅಧ್ಯಯನಗಳು ಈಸ್ಟ್ರೊಜೆನ್ ಒಂದನ್ನೇ ತಗೊಂಡವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚು ಅಂತ ತೋರಿಸಿದವು. (ಅದಕ್ಕೇ ಈಗ ಗರ್ಭಕೋಶ ಇರೋರಿಗೆ ಪ್ರೊಜೆಸ್ಟೊಜೆನ್ ಸೇರಿಸಿ ಕೊಡ್ತಾರೆ.) 1979ರಲ್ಲಿ ವ್ಯಾಲಿಯಂ ಚಟದ ಬಗ್ಗೆ ಅಮೆರಿಕದ ಸೆನೆಟ್‌ನಲ್ಲೇ ವಿಚಾರಣೆ ನಡೀತು.

ಭಾಗ 5: 26 ಪರ್ಸೆಂಟ್ ಅಂದ್ರೆ ಎಷ್ಟು?

1979ರಲ್ಲೇ ಮಿರ್ನಾ ವೈಸ್‌ಮನ್ ಅನ್ನೋ ಸಂಶೋಧಕಿ, ಈ ವಯಸ್ಸಿಗೇ ಅಂತ ಬೇರೆ ಥರದ ಖಿನ್ನತೆ ಕಾಯಿಲೆ ಇಲ್ಲ ಅಂತ ತೋರಿಸಿದರು. 1980ರ ಹೊಸ ಡಿಎಸ್‌ಎಂ ಕೈಪಿಡಿಯಿಂದ ಆ ಹಳೇ ಹೆಸರು ಹೋಯ್ತು. ಒಳ್ಳೇದೇ. ಆದ್ರೆ "ಬೇರೆ ಕಾಯಿಲೆ ಇಲ್ಲ" ಅನ್ನೋದನ್ನ "ತೊಂದರೆಯೇ ಇಲ್ಲ" ಅಂತ ಓದಿಕೊಂಡರೆ ಕಷ್ಟ.

2002ರ ಜುಲೈನಲ್ಲಿ ಇನ್ನೊಂದು ಪೆಟ್ಟು. 16,608 ಹೆಂಗಸರ ಮೇಲಿನ ದೊಡ್ಡ ಹಾರ್ಮೋನ್ ಅಧ್ಯಯನವನ್ನ ಮಧ್ಯದಲ್ಲೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ 26 ಪರ್ಸೆಂಟ್ ಹೆಚ್ಚು ಅಂತ ಹೆಡ್‌ಲೈನ್. ಎಷ್ಟೋ ಜನ ಮಾತ್ರೆ ಬಿಟ್ಟರು. ಬಿಕಾಂನವರೇ, ಲೆಕ್ಕ ನೋಡಿ: ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಗಿತ್ತು. ಎಂಟು ಹೆಚ್ಚು. ಸಣ್ಣದು ಅಂತಲ್ಲ, ಆದ್ರೆ 26 ಅಂತ ಕೇಳಿದಾಗ ಆಗೋ ಭಯವೇ ಬೇರೆ. ಅಲ್ಲದೆ ಅಲ್ಲಿದ್ದವರ ಸರಾಸರಿ ವಯಸ್ಸು 63. ನಮ್ಮ ಅಮ್ಮಂದಿರ ವಯಸ್ಸಲ್ಲ.

2013ರಲ್ಲಿ ಇನ್ನೊಂದು ಅಮೆರಿಕನ್ ಅಧ್ಯಯನ ಹೇಳ್ತು: ಮುಂಚೆ ಅಷ್ಟೇನೂ ಗಾಬರಿ ಇಲ್ಲದ ಹೆಂಗಸರಿಗೂ ಈ ಬದಲಾವಣೆಯ ವರ್ಷಗಳಲ್ಲಿ ಆತಂಕ ಜಾಸ್ತಿಯಾಗೋ ಸಾಧ್ಯತೆ ಇದೆ. ಇದನ್ನ ಅಮ್ಮನಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಹಂಗಾದ್ರೆ ನನಗೆ ಹುಚ್ಚಲ್ಲ ತಾನೇ?"

ಭಾಗ 6: ಈಗ ಏನಿದೆ

2015ರ ಬ್ರಿಟನ್‌ನ ನೈಸ್ ಮಾರ್ಗಸೂಚಿ ಈ ಕಾಲದ ಬೇಸರ, ಆತಂಕಕ್ಕೆ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆಯನ್ನೂ ಹೇಳ್ತು. ಹಾರ್ಮೋನ್ ಕೆಲವರಿಗೆ ಸರಿ, ಕೆಲವರಿಗೆ ಬೇಡ. ನಿಜವಾದ ಖಿನ್ನತೆ ಅಥವಾ ಆತಂಕದ ಕಾಯಿಲೆ ಇದ್ರೆ ಅದಕ್ಕೆ ಬೇರೆ ಮಾತ್ರೆಗಳಿವೆ. ಥೈರಾಯ್ಡ್ ಏರುಪೇರು, ರಕ್ತಹೀನತೆಯಿಂದಲೂ ಎದೆ ಢವಢವ ಅನ್ನುತ್ತೆ, ಅದನ್ನೂ ನೋಡಬೇಕು. ಯಾರಿಗೆ ಯಾವುದು ಅಂತ ಹೇಳೋದು ಡಾಕ್ಟರ್ ಕೆಲಸ, ನನ್ನದಲ್ಲ, ಪಕ್ಕದ ಮನೆ ಆಂಟಿದೂ ಅಲ್ಲ.

ಆ ಸ್ಟ್ರಿಪ್ ಆಲ್‌ಪ್ರಜೋಲಾಂ. ವ್ಯಾಲಿಯಂನ ಕುಟುಂಬದ್ದೇ. 2014ರಿಂದ ಇದು ನಮ್ಮಲ್ಲಿ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಮಾರೋ ಹಾಗಿಲ್ಲ, ಮೆಡಿಕಲ್ ಶಾಪ್‌ನವರು ಡಾಕ್ಟರ್ ಹೆಸರು, ರೋಗಿ ಹೆಸರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಚಟ ಹತ್ತೋ ಮಾತ್ರೆ, ದಿನಾ ತಗೊಳ್ತಿದ್ದು ಒಮ್ಮೆಲೇ ಬಿಟ್ಟರೂ ಅಪಾಯ.

ಮಾತಾಡೋಕೆ ಯಾರೂ ಇಲ್ಲ ಅನ್ನೋರಿಗೆ ಸರ್ಕಾರದ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯ್ತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಬರ್ 14416, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ಈ ಸಲ ಪತ್ರಕ್ಕೆ ಉತ್ತರ ಕೊಡೋರು ಬದುಕಿದ್ದಾರೆ.

ಭಾಗ 7: ಕೊನೆಯದು

ಅಮ್ಮ ಆ ಮಾತ್ರೆ ತಗೊಳ್ಳಲಿಲ್ಲ. ಸ್ತ್ರೀರೋಗ ತಜ್ಞೆ ಹತ್ರ ಹೋದ್ವಿ. ಅವರು ಅರ್ಧ ಗಂಟೆ ಕೂತು ಕೇಳಿದ್ರು, ರಕ್ತ ಪರೀಕ್ಷೆ ಮಾಡಿಸಿದ್ರು, ಕೌನ್ಸೆಲರ್ ಹತ್ರನೂ ಕಳಿಸಿದ್ರು. ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ. ಈಗಲೂ ಕೆಲವು ರಾತ್ರಿ ಎದ್ದು ಕೂರ್ತಾಳೆ. ಆದ್ರೆ ನನ್ನನ್ನ ಎಬ್ಬಿಸ್ತಾಳೆ.

ಎರಡನೇ ಸಲ ಹೋಗುವಾಗ ಪಕ್ಕದ ಮನೆ ಆಂಟಿನೂ ಜೊತೆಗೆ ಬಂದ್ರು. ಎಷ್ಟು ವರ್ಷದಿಂದ ತಗೊಳ್ತಿದೀರಿ ಅಂತ ಡಾಕ್ಟರ್ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರು" ಅಂದ್ರಂತೆ. ಈಗ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಕಮ್ಮಿ ಮಾಡ್ತಿದ್ದಾರೆ. ಆರು ವರ್ಷ ಅವರನ್ನ ಯಾರೂ ಕೇಳಿರಲಿಲ್ಲ.

ಇವತ್ತು ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ ಫ್ರೆಂಡ್ಸ್: "ಅಮ್ಮಾ, ರಾತ್ರಿ ನಿದ್ದೆ ಸರಿಯಾಗಿ ಬರ್ತಿದೆಯಾ?"

#ಅಮ್ಮ #ಋತುಬಂಧ #ಆತಂಕ #ಕನ್ನಡದಲ್ಲಿಇತಿಹಾಸ