ಖಾತೆ ನನ್ನ ಹೆಸರಲ್ಲಿದೆ, ಮನೆ ಯಾರದು?

ಬೆಂಗಳೂರಿನಲ್ಲಿ ಮನೆಯನ್ನೋ ಸೈಟನ್ನೋ ಕೊಳ್ಳಲು ಹೊರಟ ಯಾರನ್ನಾದರೂ ಮಾತಾಡಿಸಿ ನೋಡಿ. ಅವರ ಬ್ಯಾಗಿನಲ್ಲಿ ಬ್ಯಾಂಕಿನ ವಕೀಲರು ಕೊಟ್ಟ ಒಂದು ಪಟ್ಟಿ ಇದ್ದೇ ಇರುತ್ತದೆ. ಮೂಲಪತ್ರ, ಮೂವತ್ತು ವರ್ಷದ ಇಸಿ, ಖಾತಾ ಸರ್ಟಿಫಿಕೇಟು, ಕನ್ವರ್ಶನ್ ಆರ್ಡರು, ವಂಶವೃಕ್ಷ, ತೆರಿಗೆ ರಸೀದಿ... ಪಟ್ಟಿ ಮುಗಿಯುವುದೇ ಇಲ್ಲ. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಕ್ರಿಕೆಟ್ ಬಿಟ್ಟರೆ ಇದೇ ಮಾತು. "ರಿಜಿಸ್ಟರ್ ಆಗಿದೆಯಲ್ಲ ಗುರು, ಮತ್ತೇನು ಬೇಕಂತೆ?" "ಖಾತೆ ಅವರ ಹೆಸರಲ್ಲೇ ಇದೆ, ಸಾಕಲ್ವಾ?" "ಮದುವೆಯಾಗಿ ಹೋದ ತಂಗಿ ಯಾಕೆ ಸಹಿ ಹಾಕಬೇಕು?"

ಉತ್ತರ ಹೇಳೋಕೆ ನಾನೇನು ವಕೀಲನಲ್ಲ. ಆದರೆ ಈ ಪ್ರಶ್ನೆಗಳು ಎಲ್ಲಿಂದ ಹುಟ್ಟಿದವು ಅಂತ ಹುಡುಕುತ್ತಾ ಹೋದಾಗ ಒಳ್ಳೇ ಇತಿಹಾಸವೇ ಸಿಕ್ಕಿತು. ಪಟ್ಟಿಯಲ್ಲಿರುವ ಒಂದೊಂದು ಕಾಗದದ ಹಿಂದೆಯೂ ಒಂದು ಹಳೇ ಜಗಳ ಇದೆ.

ಮೊದಲು ರಿಜಿಸ್ಟ್ರೇಶನ್. ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವ ನೋಂದಣಿ ಕಾನೂನು ಬಂದದ್ದು 1864ರಲ್ಲಿ. ಆಮೇಲೆ ಅದನ್ನು ಮೂರು ಸಲ ಹೊಸದಾಗಿ ಬರೆದು, ಕೊನೆಗೆ 1908ರ ಕಾಯ್ದೆಗೆ ನಿಂತರು. ಆ ಕಾಯ್ದೆಯನ್ನು ಮಾಡಿದವರ ಉದ್ದೇಶ ಬಹಳ ಚಿಕ್ಕದು. ಸಾಲಪತ್ರ, ಕ್ರಯಪತ್ರಗಳನ್ನು ಫೋರ್ಜರಿ ಮಾಡುವುದನ್ನು ತಡೆಯಬೇಕು, ಒಂದೇ ಆಸ್ತಿಯನ್ನು ಇಬ್ಬರಿಗೆ ಗುಟ್ಟಾಗಿ ಮಾರುವುದನ್ನು ಕಷ್ಟ ಮಾಡಬೇಕು, ಅಷ್ಟೆ. ಸಬ್ ರಿಜಿಸ್ಟ್ರಾರ್ ನೋಡುವುದು ಎದುರಿಗಿರುವ ವ್ಯಕ್ತಿ ಅವನೇ ಹೌದಾ, ಸಹಿ ತನ್ನದೇ ಅಂತ ಒಪ್ಪುತ್ತಾನಾ, ಸ್ಟಾಂಪ್ ಡ್ಯೂಟಿ ಕಟ್ಟಿದ್ದಾನಾ ಅನ್ನೋದನ್ನು. ಮಾರುವವನಿಗೆ ಮಾರುವ ಹಕ್ಕು ನಿಜವಾಗಿ ಇದೆಯಾ ಅಂತ ತೀರ್ಮಾನಿಸುವುದು ಅವರ ಕೆಲಸವೇ ಅಲ್ಲ. ತಮಿಳುನಾಡು ಒಂದು ನಿಯಮ ತಂದು, ಒಡೆತನದ ದಾಖಲೆ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದು ಅಂದಿತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದು 1908ರ ಕಾಯ್ದೆಗೆ ವಿರುದ್ಧ ಅಂತ ರದ್ದು ಮಾಡಿತು.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿರುವುದು ಡೇಟಾಬೇಸ್ ಅಲ್ಲ, ಲಾಗ್ ಫೈಲ್. ಯಾರು ಯಾವಾಗ ಏನು ಬರೆದುಕೊಟ್ಟರು ಅನ್ನೋದು ಸಾಲುಸಾಲಾಗಿ ಇದೆ. "ಈ ಕ್ಷಣಕ್ಕೆ ಮಾಲೀಕ ಯಾರು" ಅನ್ನೋ ಕಾಲಂ ಎಲ್ಲೂ ಇಲ್ಲ. ಅದು ಬೇಕಿದ್ದರೆ ಲಾಗನ್ನು ಹಿಂದಿನಿಂದ ಓದಿಕೊಂಡು ಬಂದು ನೀವೇ ಲೆಕ್ಕ ಹಾಕಬೇಕು. ವಕೀಲರು ಫೀಸು ತಗೊಂಡು ಮಾಡುವ 'ಟೈಟಲ್ ಸರ್ಚ್' ಇದೇ.

ಬೇರೆ ದಾರಿ ಇರಲಿಲ್ಲವಾ? ಇತ್ತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಸ್ಟಮ್ಸ್ ಕಲೆಕ್ಟರ್ ಆಗಿದ್ದ ರಾಬರ್ಟ್ ಟೊರೆನ್ಸ್ ಎಂಬಾತ, ಹಡಗಿಗೆ ಒಂದು ರಿಜಿಸ್ಟರ್ ಇದ್ದು ಮಾಲೀಕನ ಹೆಸರು ಅದರಲ್ಲೇ ಬದಲಾಗುತ್ತದಲ್ಲ, ಭೂಮಿಗೂ ಯಾಕೆ ಹಾಗೆ ಮಾಡಬಾರದು ಅಂತ ಹೊರಟ. 1858ರಲ್ಲಿ ಅದು ಅಲ್ಲಿ ಕಾನೂನಾಯಿತು. ಸರ್ಕಾರದ ಪುಸ್ತಕದಲ್ಲಿ ಹೆಸರಿದ್ದವನೇ ಮಾಲೀಕ, ಅದಕ್ಕೆ ಸರ್ಕಾರವೇ ಜವಾಬ್ದಾರಿ. ನಮ್ಮಲ್ಲಿ ಡಿ.ಸಿ. ವಾಧ್ವಾ ಅವರು 1989ರಲ್ಲೇ ಇಂಥ ವ್ಯವಸ್ಥೆ ಬೇಕು ಅಂತ ಕೇಂದ್ರಕ್ಕೆ ವರದಿ ಕೊಟ್ಟರು. ಆಮೇಲೆ ದಾಖಲೆಗಳು ಕಂಪ್ಯೂಟರಿಗೆ ಬಂದವು, ನಮ್ಮ 'ಭೂಮಿ' ಬಂತು, 'ಕಾವೇರಿ' ಬಂತು. ಲಾಗ್ ಮಾತ್ರ ಲಾಗ್ ಆಗಿಯೇ ಉಳಿಯಿತು, ಕಾಗದದ ಬದಲು ಸ್ಕ್ರೀನ್ ಮೇಲೆ ಕಾಣುತ್ತೆ ಅಷ್ಟೆ :-)

ಮೂವತ್ತೇ ವರ್ಷದ ಇಸಿ ಯಾಕೆ ಅನ್ನೋದಕ್ಕೂ ಕಾರಣವಿದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಡವಿಟ್ಟವನು ಆಸ್ತಿ ಬಿಡಿಸಿಕೊಳ್ಳಲು ದಾವೆ ಹಾಕುವುದಕ್ಕೆ 30 ವರ್ಷ, ಸರ್ಕಾರ ದಾವೆ ಹಾಕುವುದಕ್ಕೂ 30 ವರ್ಷ. ಅದಕ್ಕಿಂತ ಹಿಂದಿನ ಕಾಯ್ದೆಯಲ್ಲಿ ಈ ಎರಡಕ್ಕೂ 60 ವರ್ಷ ಇತ್ತು! ಮೂವತ್ತು ವರ್ಷ ಹಳೆಯದಾದ ಪತ್ರ ಸರಿಯಾದ ಕಡೆಯಿಂದ ಬಂದಿದ್ದರೆ ಅದನ್ನು ಅಸಲಿ ಎಂದು ನಂಬಬಹುದು ಅಂತ ಸಾಕ್ಷ್ಯ ಕಾಯ್ದೆಯೂ ಹೇಳುತ್ತಿತ್ತು, 2023ರ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಅದೇ ಮೂವತ್ತು ಉಳಿದಿದೆ. ಆದರೆ ಇಸಿಯಲ್ಲಿ ಕಾಣುವುದು ರಿಜಿಸ್ಟರ್ ಆದದ್ದು ಮಾತ್ರ. ಮನೆಯೊಳಗಿನ ಬಾಯಿಮಾತಿನ ಪಾಲು, ಬೀರುವಿನಲ್ಲಿರುವ ವಿಲ್ಲು, ಕೋರ್ಟಿನಲ್ಲಿ ನಡೆಯುತ್ತಿರುವ ಕೇಸು ಅದರಲ್ಲಿ ಬರಲೇಬೇಕು ಅಂತೇನಿಲ್ಲ.

ಇನ್ನು ಖಾತೆ. ಇದೇ ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸಿದ್ದು. ಖಾತೆ ಅಂದರೆ ಲೆಕ್ಕ. ಹಳ್ಳಿಯಲ್ಲಿ ಶಾನುಭೋಗರು ಯಾರಿಂದ ಎಷ್ಟು ಕಂದಾಯ ಬರಬೇಕು ಅಂತ ಬರೆದಿಡುತ್ತಿದ್ದ ಲೆಕ್ಕ. ನಗರದಲ್ಲಿ ಅದೇ ಪದ್ಧತಿ ಮನೆ ತೆರಿಗೆಗೆ ಬಂತು. ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅನ್ನೋದಷ್ಟೇ ಪಾಲಿಕೆಯ ಪ್ರಶ್ನೆ. ಆದರೆ ಒಡೆತನ ಇಂಥವರದು ಅಂತ ಹೇಳುವ ಸರ್ಕಾರಿ ಕಾಗದವೇ ಇಲ್ಲದ ನಾಡಿನಲ್ಲಿ ಜನ ಕೈಗೆ ಸಿಕ್ಕ ಸೀಲು ಬಿದ್ದ ಕಾಗದವನ್ನೇ ಹಕ್ಕುಪತ್ರ ಅಂದುಕೊಂಡರು. ತಪ್ಪು ಜನರದಲ್ಲ ಅಂತಲೇ ನನ್ನ ಭಾವನೆ. ಕೋರ್ಟುಗಳು ಮಾತ್ರ ಮತ್ತೆ ಮತ್ತೆ ಹೇಳುತ್ತಲೇ ಬಂದಿವೆ, ಖಾತೆ ಒಡೆತನವಲ್ಲ ಅಂತ.

ಹಾಗಾದರೆ ಎ ಖಾತೆ, ಬಿ ಖಾತೆ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಬೆಂಗಳೂರಿನ ಸುತ್ತಲಿನದೆಲ್ಲ ಹೊಲ, ತೋಟ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಅದನ್ನು ಸೈಟು ಮಾಡಲು ಜಿಲ್ಲಾಧಿಕಾರಿಯ ಕನ್ವರ್ಶನ್ ಆದೇಶ ಬೇಕಿತ್ತು, ಮೇಲೆ ಲೇಔಟ್ ಪ್ಲಾನಿಗೆ ಮಂಜೂರಾತಿ ಬೇಕಿತ್ತು. ಕೃಷಿಕರಲ್ಲದವರು ಹೊಲವನ್ನು ಹೊಲವಾಗಿಯೇ ಕೊಳ್ಳೋಣ ಅಂದರೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಅಡ್ಡ ಬರುತ್ತಿದ್ದವು (ಇವನ್ನು ತೆಗೆದದ್ದು 2020ರಲ್ಲಿ). ಬಿಡಿಎ ಸೈಟು ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಊರು ಮಾತ್ರ ಕಾಯಲಿಲ್ಲ. ಒಂದು ಗುಂಟೆ ಅಂದರೆ 1089 ಚದರಡಿ, ಹೆಚ್ಚುಕಡಿಮೆ ಒಂದು ಮೂವತ್ತು-ನಲವತ್ತು ಸೈಟು. ಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು 'ರೆವಿನ್ಯೂ ಸೈಟು' ಮಾರಿದರು. ಎಷ್ಟೋ ಕಡೆ ಕ್ರಯಪತ್ರದ ಬದಲು ಜಿಪಿಎ, ಒಂದು ಅಫಿಡವಿಟ್ಟು. ಫ್ಯಾಕ್ಟರಿ ಕೆಲಸಗಾರರು, ಆಟೋ ಓಡಿಸುವವರು, ಮೇಷ್ಟ್ರುಗಳು, ಕೈಗೆ ಎಟುಕುವ ಬೆಲೆ ಅಂತ ಕೊಂಡರು. ಜಿಪಿಎ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎಯೂ ಅಲ್ಲಿಗೆ ಮುಗಿಯಿತು. ಆಗ ಮಕ್ಕಳು ಬಂದು ಬಾಗಿಲು ತಟ್ಟುತ್ತಾರೆ. 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಿಪಿಎ ಮೂಲಕ ಒಡೆತನ ವರ್ಗವಾಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿತು.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿ ಬಿಬಿಎಂಪಿ ಆಯಿತು. ಇಂಥ ಮನೆಗಳೆಲ್ಲ ಒಟ್ಟಿಗೆ ಪಾಲಿಕೆಯ ಒಳಗೆ ಬಂದವು. ತೆರಿಗೆ ಬೇಕು, ಆದರೆ ಸಕ್ರಮ ಅಂತ ಒಪ್ಪಿಕೊಂಡ ಹಾಗೂ ಆಗಬಾರದು. ಅದಕ್ಕೆ ಕಂಡುಕೊಂಡ ಉಪಾಯವೇ ಬೇರೆ ಪುಸ್ತಕ, ಬಿ ರಿಜಿಸ್ಟರ್. ಜನರ ಬಾಯಲ್ಲಿ ಅದು 'ಬಿ ಖಾತೆ' ಆಯಿತು. ಅಕ್ರಮ-ಸಕ್ರಮ ಬರುತ್ತೆ ಬರುತ್ತೆ ಅಂತ ಕಾದರು, 2017ರ ಜನವರಿಯಲ್ಲಿ ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು, ಬಿಯಿಂದ ಎಗೆ ಬರುವ ಯೋಜನೆಯನ್ನೂ ಸರ್ಕಾರ ಪ್ರಕಟಿಸಿತು. ಅಕ್ಷರ ಬದಲಾದರೂ ಹೊಲ ಮೊದಲು ಯಾರದಿತ್ತು ಅನ್ನೋ ಪ್ರಶ್ನೆ ಇದ್ದಲ್ಲೇ ಇದೆ.

ಆ ಹೊಲದ ಪ್ರಶ್ನೆಯಲ್ಲಿ ಕೊಳ್ಳುವವರ ನಷ್ಟ ಮಾತ್ರ ಇಲ್ಲ ಅನ್ನೋದು ನೆನಪಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಚಿಕ್ಕಾಸಿಗೆ ಕೈತಪ್ಪಿ ಹೋಗುತ್ತಿತ್ತು. ಅದಕ್ಕೇ ದೇವರಾಜ ಅರಸರ ಕಾಲದ ನೆರಳಿನಲ್ಲಿ, 1978ರಲ್ಲಿ, ಪಿಟಿಸಿಎಲ್ ಕಾಯ್ದೆ ಬಂತು. ಅನುಮತಿಯಿಲ್ಲದ ಮಾರಾಟ ಅಸಿಂಧು, ಜಮೀನು ವಾಪಸ್. ದೂರು ಕೊಡಲು ಎಷ್ಟು ವರ್ಷ ಬೇಕಾದರೂ ತಗೊಳ್ಳುವಂತಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, 2023ರಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಿ ಕಾಲಮಿತಿಯನ್ನೇ ಇಲ್ಲವಾಗಿಸಿತು. 'ಗ್ರಾಂಟ್ ಲ್ಯಾಂಡಾ?' ಅಂತ ವಕೀಲರು ಮೂರು ಸಲ ಕೇಳುವುದು ಸುಮ್ಮನೆ ಅಲ್ಲ.

ತಂಗಿಯ ಸಹಿಯ ವಿಷಯ. ಹೆಂಗಸರಿಗೆ ಆಸ್ತಿಯಲ್ಲಿ ಹಕ್ಕು ಕೊಡುವುದರಲ್ಲಿ ಮೈಸೂರು ಸಂಸ್ಥಾನ ಮುಂದಿತ್ತು, 1933ರಲ್ಲೇ ಕಾಯ್ದೆ ಮಾಡಿತ್ತು. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳನ್ನೂ ಪಿತ್ರಾರ್ಜಿತದಲ್ಲಿ ಸಮಭಾಗಿಗಳು ಅಂದಿತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೂ ಮಗಳಿಗೆ ಹಕ್ಕಿದೆ ಅಂತ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ತೀರ್ಪು ಬಂತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಮಾರಾಟ, ವಿಭಾಗಗಳು ಮಾತ್ರ ಊರ್ಜಿತ. ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಈಗಲೂ ನಡೆದೇ ಇದೆ. ಪಟ್ಟಿಯಲ್ಲಿ 'ವಂಶವೃಕ್ಷ' ಇರುವುದರಿಂದ ಅವಳನ್ನು ಕೇಳುವುದಾದರೂ ಕೇಳುತ್ತಾರೆ.

ಕೊನೆಗೆ ಸಾಲ. ಇಂದು ಗೃಹಸಾಲಕ್ಕೆ ನಾವು ಮಾಡುವುದು ಮೂಲಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಬರುವುದು. ಇದರ ಬೇರು ಇಂಗ್ಲೆಂಡಿನ 1783ರ ರಸೆಲ್ ಪ್ರಕರಣದಲ್ಲಿದೆ. ಅಡಮಾನ ಪತ್ರ ಬರೆಯದೆ ಬರೀ ದಾಖಲೆ ಕೈಗಿಟ್ಟರೂ ಅದು ಅಡಮಾನವೇ ಅಂತ ಅಲ್ಲಿನ ನ್ಯಾಯಾಲಯ ಒಪ್ಪಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಇದನ್ನು ಕಲ್ಕತ್ತಾ, ಮದ್ರಾಸ್, ಬಾಂಬೆಯಂಥ ವ್ಯಾಪಾರದ ಊರುಗಳಿಗೆ ಮಾತ್ರ ಬಿಟ್ಟುಕೊಟ್ಟಿತು. ಸಾಹುಕಾರರಿಗೆ ದುಡ್ಡು ಬೇಗ ಬೇಕಲ್ಲ! ಆಮೇಲೆ ಸರ್ಕಾರಗಳು ಒಂದೊಂದೇ ಊರನ್ನು ಪಟ್ಟಿಗೆ ಸೇರಿಸುತ್ತಾ ಬಂದವು. ತಮಾಷೆ ಅಂದರೆ ಆಸ್ತಿ ಎಲ್ಲಿದ್ದರೂ ನಡೆಯುತ್ತದೆ, ಪತ್ರ ಒಪ್ಪಿಸುವ ಊರು ಪಟ್ಟಿಯಲ್ಲಿದ್ದರೆ ಸಾಕು.

ಇದರಲ್ಲಿದ್ದ ತೂತನ್ನು ಮೋಸಗಾರರು ಬೇಗ ಕಂಡುಕೊಂಡರು. ಪತ್ರ ಕೊಟ್ಟದ್ದು ರಿಜಿಸ್ಟರ್ ಆಗದಿದ್ದರೆ ಇಸಿಯಲ್ಲಿ ಬರುವುದಿಲ್ಲ. ಬಣ್ಣದ ಜೆರಾಕ್ಸು ಮಾಡಿಸಿ ಒಂದೇ ಮನೆಯ ಮೇಲೆ ಎರಡು ಮೂರು ಬ್ಯಾಂಕಿನಲ್ಲಿ ಸಾಲ. 2011ರಲ್ಲಿ 'ಸರ್ಸಾಯಿ' ಎಂಬ ಕೇಂದ್ರ ನೋಂದಣಿ ಶುರುವಾದದ್ದು ಮುಖ್ಯವಾಗಿ ಇದನ್ನು ತಡೆಯೋಕೆ.

ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸಾಲ ಸಾಗಿಸುವವರ ಸಂಖ್ಯೆ ಹೆಚ್ಚಿದ್ದರಲ್ಲಿ 2012ರ ಪಾಲೂ ಇದೆ. ಆ ವರ್ಷ ರಿಸರ್ವ್ ಬ್ಯಾಂಕ್ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಗಡ ತೀರುವಳಿ ಶುಲ್ಕ ಹಾಕಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಪತ್ರಗಳು ಬ್ಯಾಂಕಿನಲ್ಲೇ ಕಳೆದುಹೋಗುವ, ತಿಂಗಳುಗಟ್ಟಲೆ ಅಲೆಸುವ ಕಥೆಗಳು ಜಾಸ್ತಿಯಾದ ಮೇಲೆ 2023ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಆದೇಶ ಬಂತು. ಸಾಲ ತೀರಿದ 30 ದಿನದಲ್ಲಿ ಮೂಲಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5000 ರೂಪಾಯಿ ಪರಿಹಾರ.

ಪತ್ರ ಕೈಗೆ ಬಂದಾಗ ಎಲ್ಲರೂ ಪುಟ ಎಣಿಸುತ್ತಾರೆ. ಆದರೆ ಎಂಒಡಿ ರಿಜಿಸ್ಟರ್ ಆಗಿದ್ದರೆ ಅದರ ಬಿಡುಗಡೆ ಪತ್ರವೂ ರಿಜಿಸ್ಟರ್ ಆಗಿ ಇಸಿಯಲ್ಲಿ ಬಂತಾ, ಸರ್ಸಾಯಿಯಲ್ಲಿ ಹಳೇ ಬ್ಯಾಂಕಿನ ಹೆಸರು ಹೋಯಿತಾ ಅಂತ ನೋಡುವವರು ಕಡಿಮೆ. ಲಾಗಿನಲ್ಲಿ ಆ ಸಾಲು ಹಾಗೇ ಉಳಿದಿದ್ದರೆ, ಹದಿನೈದು ವರ್ಷದ ಮೇಲೆ ನಿಮ್ಮ ಮನೆ ಕೊಳ್ಳಲು ಬಂದವರ ವಕೀಲರು ಬೆರಳಿಡುವುದು ಅದರ ಮೇಲೆಯೇ. ಅಷ್ಟರಲ್ಲಿ ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ, ನಿಮ್ಮ ಬ್ರಾಂಚಿನ ಜಾಗದಲ್ಲಿ ದರ್ಶಿನಿ ಬಂದಿರಬಹುದು.