ಗುರಿಯಾಗಿ ನಿಂತ ಹಡಗು

1921ರ ಜುಲೈ ತಿಂಗಳು. ಅಮೆರಿಕದ ವರ್ಜೀನಿಯಾ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 22,800 ಟನ್ ತೂಕದ ಯುದ್ಧನೌಕೆಯೊಂದು ಲಂಗರು ಹಾಕಿ ನಿಂತಿತ್ತು. ಅದರ ಮೇಲೆ ಒಬ್ಬ ನಾವಿಕನೂ ಇರಲಿಲ್ಲ. ಅದೇ ಜರ್ಮನಿಯ 'ಓಸ್ಟ್‌ಫ್ರೀಸ್‌ಲ್ಯಾಂಡ್'. 1916ರ ಜಟ್‌ಲ್ಯಾಂಡ್ ಕದನದಿಂದ ಮರಳುವಾಗ ನೀರಿನೊಳಗಿನ ಸಿಡಿಗುಂಡಿಗೆ ತಾಗಿಯೂ ಬಂದರು ಸೇರಿದ್ದ ಗಟ್ಟಿಗ ಹಡಗು. ಯುದ್ಧದಲ್ಲಿ ಸೋತ ಮೇಲೆ ಅಮೆರಿಕದ ಪಾಲಿಗೆ ಬಂದಿತ್ತು.

ವಿಮಾನದಿಂದ ಯುದ್ಧನೌಕೆಯನ್ನು ಮುಳುಗಿಸಲು ಸಾಧ್ಯವೇ? ಸಾಧ್ಯ ಎಂದವರು ಸೇನೆಯ ವಿಮಾನದಳದ ಬ್ರಿಗೇಡಿಯರ್ ಜನರಲ್ ವಿಲಿಯಂ ಮಿಚೆಲ್. ನೌಕಾಪಡೆಯ ಹಿರಿಯರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಪ್ರಶ್ನೆ ಸಣ್ಣದಲ್ಲ. ದೇಶದ ರಕ್ಷಣಾ ಹಣ ಹಡಗಿಗೋ ವಿಮಾನಕ್ಕೋ ಎಂಬುದು ಇದರ ಮೇಲೆ ನಿಂತಿತ್ತು.

ಮೊದಲ ದಿನದ ಚಿಕ್ಕ ಬಾಂಬುಗಳಿಗೆ ಹಡಗು ಜಗ್ಗಲಿಲ್ಲ. ಮರುದಿನ, ಜುಲೈ 21ರ ಮಧ್ಯಾಹ್ನ, ಮಿಚೆಲ್‌ರ ವಿಮಾನಗಳು 2,000 ಪೌಂಡಿನ ಬಾಂಬುಗಳನ್ನು ಹೊತ್ತು ಬಂದವು. ಅರ್ಧ ಗಂಟೆಯೊಳಗೆ ಹಡಗು ತಲೆಕೆಳಗಾಗಿ ಮುಳುಗಿತು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಹಡಗಿಗೆ ಹೆಚ್ಚು ಹಾನಿ ಮಾಡಿದ್ದು ಅದರ ಮೇಲೆ ಬಿದ್ದ ಬಾಂಬುಗಳಲ್ಲ, ಪಕ್ಕದ ನೀರಿಗೆ ಬಿದ್ದವು! ಗಾಳಿಯನ್ನು ಅದುಮಬಹುದು, ನೀರನ್ನು ಅದುಮುವುದು ಬಹಳ ಕಷ್ಟ. ಆದ್ದರಿಂದ ನೀರಿನೊಳಗಿನ ಸ್ಫೋಟದ ಆಘಾತ ಹೆಚ್ಚು ಕುಗ್ಗದೆ ಹಡಗಿನ ಒಡಲಿಗೆ ಬಡಿಯುತ್ತದೆ. ದಪ್ಪ ಉಕ್ಕಿನ ಕವಚವಿದ್ದದ್ದು ಮೇಲ್ಭಾಗಕ್ಕೆ. ನೀರಿನಡಿಯ ಭಾಗಕ್ಕೆ ಅಂಥ ರಕ್ಷಣೆ ಇರಲಿಲ್ಲ.

ಆ ದೃಶ್ಯದ ಚಲನಚಿತ್ರ ಇಂದಿಗೂ ಉಳಿದಿದೆ. ನೋಡಿದವರು ಮಿಚೆಲ್ ಗೆದ್ದರು ಎಂದೇ ಹೇಳಿಯಾರು. ಆದರೆ ಚಿತ್ರದಲ್ಲಿ ಕಾಣದ್ದನ್ನೂ ಕೇಳಬೇಕು (ನಮ್ಮ ಕಸುಬಿನವರು ಇದನ್ನು ಆಗಾಗ ಮರೆಯುತ್ತೇವೆ). ಹಡಗು ಚಲಿಸುತ್ತಿರಲಿಲ್ಲ, ತಿರುಗಿ ಗುಂಡು ಹಾರಿಸುತ್ತಿರಲಿಲ್ಲ. ಒಳನುಗ್ಗಿದ ನೀರನ್ನು ಪಂಪು ಹಾಕಿ ಹೊರಚೆಲ್ಲಲು ಜನರಿರಲಿಲ್ಲ. ಬಾಂಬಿನ ಸುತ್ತುಗಳ ನಡುವೆ ಹಡಗನ್ನು ಪರೀಕ್ಷಿಸಬೇಕೆಂದು ನೌಕಾಪಡೆ ಕೇಳಿತ್ತು. ಕೊನೆಯ ಸುತ್ತಿನಲ್ಲಿ ಮಿಚೆಲ್ ಅದಕ್ಕೆ ಎಡೆಗೊಡಲಿಲ್ಲ. ಒಂದೇ ಪ್ರಯೋಗದಿಂದ ಎರಡೂ ಪಕ್ಷದವರು ತಮಗೆ ಬೇಕಾದ ಉತ್ತರವನ್ನು ಆರಿಸಿಕೊಂಡರು.

1924ರ ನವೆಂಬರಿನಲ್ಲಿ ನೌಕಾಪಡೆ ತಾನೇ ಇನ್ನೊಂದು ಪರೀಕ್ಷೆ ನಡೆಸಿತು. ನಿಶ್ಶಸ್ತ್ರೀಕರಣ ಒಪ್ಪಂದದಿಂದಾಗಿ ಅರೆಬರೆ ಕಟ್ಟಿ ನಿಲ್ಲಿಸಿದ್ದ 'ವಾಷಿಂಗ್ಟನ್' ಯುದ್ಧನೌಕೆ ಟಾರ್ಪಿಡೊ, ಬಾಂಬುಗಳ ಸ್ಫೋಟವನ್ನೆಲ್ಲ ತಾಳಿಕೊಂಡು ತೇಲುತ್ತಲೇ ಇತ್ತು. ಕೊನೆಗೆ 14 ಅಂಗುಲದ ಫಿರಂಗಿ ಗುಂಡುಗಳೇ ಬೇಕಾದವು. ವಾದ ಮತ್ತೆ ಮೊದಲಿಗೆ ಬಂತು. ಸೇನಾ ವರಿಷ್ಠರನ್ನು ಬಹಿರಂಗವಾಗಿ ಟೀಕಿಸಿದ ಮಿಚೆಲ್ 1925ರಲ್ಲಿ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದರು. ಮರುವರ್ಷ ರಾಜೀನಾಮೆ ಕೊಟ್ಟರು. ನಿಜವಾದ ಉತ್ತರ ಬಂದದ್ದು 1941ರ ಡಿಸೆಂಬರ್ 10ರಂದು. ಓಡುತ್ತ, ಗುಂಡು ಹಾರಿಸುತ್ತ ಇದ್ದ ಬ್ರಿಟನ್ನಿನ 'ಪ್ರಿನ್ಸ್ ಆಫ್ ವೇಲ್ಸ್' ಮತ್ತು 'ರಿಪಲ್ಸ್' ನೌಕೆಗಳನ್ನು ಜಪಾನಿ ವಿಮಾನಗಳು ಮಲಯಾದ ಬಳಿ ಮುಳುಗಿಸಿದವು. ಈ ಸಲ ಹಡಗುಗಳಲ್ಲಿ ಜನರಿದ್ದರು.

ಗುರಿನೌಕೆಗಳ ಪದ್ಧತಿ ಮಾತ್ರ ನಿಂತಿಲ್ಲ. 2005ರಲ್ಲಿ 'ಅಮೆರಿಕ' ಎಂಬ ವಿಮಾನವಾಹಕ ನೌಕೆಯನ್ನು ಸುಮಾರು ನಾಲ್ಕು ವಾರ ಸ್ಫೋಟಗಳಿಗೆ ಒಡ್ಡಿ, ಆದ ಹಾನಿಯನ್ನು ಅಳೆದು, ಮೇ 14ರಂದು ಮುಳುಗಿಸಲಾಯಿತು. ಅದರಲ್ಲಿ ದುಡಿದಿದ್ದ ಹಳೆಯ ನಾವಿಕರಲ್ಲಿ ಹಲವರು ಹಡಗನ್ನು ಸಂಗ್ರಹಾಲಯವಾಗಿ ಉಳಿಸಿ ಎಂದು ಕೇಳಿಕೊಂಡಿದ್ದರು.